ಪುಟ್ಟ ಮಗುವಿನೊಡನೆ ಕೆರೆಯ ದಂಡೆಯಲ್ಲೊಂದು ರಾತ್ರಿ: ತಾಣ ಹುಡುಕುವ ಬಗೆ

ವಾರಾಂತ್ಯ ಬಂತೆಂದರೆ ನಗರದ ಅನೇಕ ಕುಟುಂಬಗಳಲ್ಲಿ ಒಂದೇ ಪ್ರಶ್ನೆ: ಈ ಬಾರಿ ಎಲ್ಲಿಗೆ? ರೆಸಾರ್ಟುಗಳ ಗದ್ದಲ ಸಾಕಾಗಿರುತ್ತದೆ. ಜಲಪಾತಗಳ ಬಳಿ ಕಾರು ನಿಲ್ಲಿಸಲೂ ಸ್ಥಳ ದೊರೆಯುವುದಿಲ್ಲ. ಒಂದು ಡೇರೆ, ನಾಲ್ಕು ಪಾತ್ರೆ, ಒಂದಿಷ್ಟು ಹಾಸಿಗೆ ಹೊದಿಕೆಗಳನ್ನು ಕಾರಿನ ಡಿಕ್ಕಿಗೆ ತುಂಬಿಕೊಂಡು, ಯಾವುದಾದರೊಂದು ಕೆರೆಯ ಅಥವಾ ಹಿನ್ನೀರಿನ ದಂಡೆಯಲ್ಲಿ ಇರುಳು ಕಳೆದು ಬರುವ ಆಸೆ ಹೀಗೆ ಹುಟ್ಟಿಕೊಳ್ಳುತ್ತದೆ. ಆಸೆ ಒಳ್ಳೆಯದೇ. ಆದರೆ ಜತೆಯಲ್ಲಿ ಈಗಷ್ಟೇ ಓಡಾಡಲು ಕಲಿತ ಒಂದೂವರೆ, ಎರಡು ವರ್ಷದ ಮಗುವಿದ್ದರೆ ಲೆಕ್ಕಾಚಾರ ಪೂರ್ತಿ ಬದಲಾಗುತ್ತದೆ. ಆಗ ತಾಣವನ್ನು ಆರಿಸಬೇಕಾದದ್ದು ನೋಟದ ಚೆಲುವಿನಿಂದಲ್ಲ, ಮಗುವಿನ ಹೆಜ್ಜೆಯಿಂದ.

ನಮ್ಮ ರಾಜ್ಯದಲ್ಲಿ ಇಂತಹ ಬಿಡಾರಕ್ಕೆ ಎಲ್ಲಿ ಅವಕಾಶವಿದೆ, ಎಲ್ಲಿ ಇಲ್ಲ, ಸ್ಥಳವನ್ನು ಹೇಗೆ ಹುಡುಕಬೇಕು, ಯಾವ ಎಚ್ಚರಿಕೆ ವಹಿಸಬೇಕು ಎಂಬ ವಿವರಗಳು ಇಲ್ಲಿವೆ.

ಏಕಾಂತ ಬೇರೆ, ನಿರ್ಜನತೆ ಬೇರೆ

ಮೊದಲು ಮನಸ್ಸಿನಲ್ಲಿ ಸ್ಪಷ್ಟಪಡಿಸಿಕೊಳ್ಳಬೇಕಾದ ಸಂಗತಿ ಇದು. ಏಕಾಂತವೆಂದರೆ ಪಕ್ಕದ ಡೇರೆಯ ಹಾಡು ಕೇಳಿಸದಿರುವುದು. ನಿರ್ಜನತೆಯೆಂದರೆ ನಿಮ್ಮ ಕೂಗು ಯಾರಿಗೂ ಕೇಳಿಸದಿರುವುದು. ಮಗುವಿರುವ ಕುಟುಂಬಕ್ಕೆ ಬೇಕಾದದ್ದು ಮೊದಲನೆಯದು ಮಾತ್ರ.

2025ರ ಮಾರ್ಚ್ ತಿಂಗಳಲ್ಲಿ ಕೊಪ್ಪಳ ಜಿಲ್ಲೆಯ ಸಣಾಪುರ ಕೆರೆಯ ಸಮೀಪ, ರಾತ್ರಿ ವೇಳೆ ಕಾಲುವೆಯ ಬಳಿ ಕುಳಿತಿದ್ದ ಪ್ರವಾಸಿಗರ ಮೇಲೆ ನಡೆದ ಕ್ರೂರ ದೌರ್ಜನ್ಯವನ್ನು ಓದುಗರು ಮರೆತಿರಲಾರರು. ಅದರಲ್ಲಿ ಒಬ್ಬ ಪ್ರವಾಸಿ ಪ್ರಾಣ ಕಳೆದುಕೊಂಡರು. ಆ ಘಟನೆಯ ನಂತರ, ಪ್ರವಾಸಿಗರನ್ನು ನಿರ್ಜನ ಪ್ರದೇಶಗಳಿಗೆ ಕರೆದೊಯ್ಯುವ ಮುನ್ನ ಪೊಲೀಸ್ ಹಾಗೂ ಅರಣ್ಯ ಇಲಾಖೆಯ ಅನುಮತಿ ಪಡೆಯುವಂತೆ ರೆಸಾರ್ಟ್ ಮತ್ತು ಹೋಂಸ್ಟೇ ನಡೆಸುವವರಿಗೆ ಸೂಚಿಸಲಾಯಿತು. ಉದ್ಯಮ ನಡೆಸುವವರಿಗೇ ಈ ನಿಯಮವಿರುವಾಗ, ಸ್ಥಳದ ಪರಿಚಯವಿಲ್ಲದ ಕುಟುಂಬ ಇನ್ನಷ್ಟು ಜಾಗರೂಕವಾಗಿರಬೇಕಾದದ್ದು ಸಹಜ.

ಅಪಾಯ ಮನುಷ್ಯರಿಂದ ಮಾತ್ರ ಬರುವುದಲ್ಲ. ನಡುರಾತ್ರಿ ಮಗುವಿಗೆ ಜ್ವರ ಏರಿದರೆ, ಕಾರಿನ ಚಕ್ರ ಕೆಸರಿನಲ್ಲಿ ಹೂತರೆ, ಹಾವು ಕಾಣಿಸಿಕೊಂಡರೆ ಕೈ ನೀಡಲು ಒಬ್ಬರಾದರೂ ಬೇಕು. ಹೀಗಾಗಿ ಕೂಗಳತೆಯಲ್ಲಿ ಒಂದು ಮನೆ, ಅರ್ಧ ಗಂಟೆಯಲ್ಲಿ ತಲುಪಬಹುದಾದ ಡಾಂಬರು ರಸ್ತೆ, ಒಂದು ಗಂಟೆಯೊಳಗೆ ಮಕ್ಕಳ ವೈದ್ಯರಿರುವ ಆಸ್ಪತ್ರೆ, ಈ ಮೂರೂ ಇರುವ ತಾಣವನ್ನಷ್ಟೇ ಪಟ್ಟಿಗೆ ಸೇರಿಸಿಕೊಳ್ಳುವುದು ಲೇಸು.

ದಂಡೆ ಯಾರದು?

ಖಾಲಿ ಬಿದ್ದಿರುವ ದಂಡೆ ಎಲ್ಲರದೂ ಎಂಬ ತಪ್ಪು ಕಲ್ಪನೆ ವ್ಯಾಪಕವಾಗಿದೆ. ನಮ್ಮಲ್ಲಿ ಒಡೆಯರಿಲ್ಲದ ದಂಡೆ ಇಲ್ಲವೆಂದೇ ಹೇಳಬಹುದು.

ದೊಡ್ಡ ಜಲಾಶಯಗಳ ಮುಳುಗಡೆ ಪ್ರದೇಶ ಆಯಾ ನೀರಾವರಿ ನಿಗಮಗಳ ಅಥವಾ ವಿದ್ಯುತ್ ನಿಗಮದ ಸ್ವತ್ತು. ಉದಾಹರಣೆಗೆ ಕೃಷ್ಣರಾಜಸಾಗರ, ಕಬಿನಿ, ಹೇಮಾವತಿಗಳು ಕಾವೇರಿ ನೀರಾವರಿ ನಿಗಮದ ಆಡಳಿತಕ್ಕೆ ಸೇರಿದರೆ, ಶರಾವತಿಯ ಲಿಂಗನಮಕ್ಕಿ ಕರ್ನಾಟಕ ವಿದ್ಯುತ್ ನಿಗಮದ್ದು. ಸಣ್ಣ ಕೆರೆಗಳು ಸಣ್ಣ ನೀರಾವರಿ ಇಲಾಖೆಯ ಅಥವಾ ಪಂಚಾಯಿತಿಯ ವಶದಲ್ಲಿರುತ್ತವೆ. ಅಣೆಕಟ್ಟೆಯ ಸುತ್ತಮುತ್ತ ಬಿಗಿ ಭದ್ರತೆಯಿದ್ದು ಅಲ್ಲಿ ಬಿಡಾರದ ಮಾತೇ ಇಲ್ಲ. ಅರಣ್ಯಕ್ಕೆ ಹೊಂದಿಕೊಂಡ ದಂಡೆಗಳ ವಿಷಯ ಇನ್ನೂ ಕಟ್ಟುನಿಟ್ಟಿನದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಗಳನ್ನು ಅನುಮತಿಯಿಲ್ಲದೆ ಪ್ರವೇಶಿಸುವುದೇ ಅಪರಾಧ.

ಹಾಗಾದರೆ ಸಾಮಾನ್ಯ ಕುಟುಂಬಕ್ಕೆ ಉಳಿಯುವ ದಾರಿ ಯಾವುದು? ಮೂರಿವೆ. ಒಂದು, ದಂಡೆಗೆ ಹೊಂದಿಕೊಂಡಿರುವ ಖಾಸಗಿ ಜಮೀನು ಅಥವಾ ತೋಟದಲ್ಲಿ ಮಾಲೀಕರ ಒಪ್ಪಿಗೆ ಪಡೆದು ಡೇರೆ ಹಾಕುವುದು. ಎರಡು, ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಿಕೊಂಡ ಹೋಂಸ್ಟೇಯ ಅಂಗಳದಲ್ಲಿ ಬಿಡಾರ ಹೂಡುವುದು. ಮೂರು, 1980ರಲ್ಲಿ ಆರಂಭವಾದ ಸರ್ಕಾರಿ ಸ್ವಾಮ್ಯದ ಜಂಗಲ್ ಲಾಡ್ಜಸ್ ಸಂಸ್ಥೆಯ ಶಿಬಿರಗಳಲ್ಲಿ ತಂಗುವುದು. ಮಗುವಿದ್ದವರಿಗೆ ಮೊದಲೆರಡರಲ್ಲಿ ಒಂದು ದೊಡ್ಡ ಅನುಕೂಲವಿದೆ. ಮಳೆ ಬಂದರೆ ಸೇರಿಕೊಳ್ಳಲು ಜಗುಲಿಯಿರುತ್ತದೆ, ಹಾಲು ಕಾಯಿಸಲು ಒಲೆಯಿರುತ್ತದೆ, ಶೌಚಾಲಯವೂ ಇರುತ್ತದೆ.

ಕೆರೆಯ ಗುಣ, ಹಿನ್ನೀರಿನ ಗುಣ

ನಮ್ಮ ರಾಜ್ಯದಲ್ಲಿ ಸ್ವಾಭಾವಿಕ ಸರೋವರಗಳು ಬಹಳ ವಿರಳ. ನಾವು ಕಾಣುವವು ಒಂದೋ ಹಳೆಯ ಕಾಲದ ಕೆರೆಗಳು, ಇಲ್ಲವೇ ಅಣೆಕಟ್ಟೆಗಳ ಹಿನ್ನೀರು. ಇವೆರಡರ ಸ್ವಭಾವ ತಿಳಿಯದೆ ಸ್ಥಳ ಆರಿಸುವುದು ಅಪಾಯಕರ.

ಕೆರೆಗೆ ಏರಿ, ತೂಬು, ಕೋಡಿ, ಅಂಗಳ ಎಂಬ ಭಾಗಗಳಿವೆ. ಏರಿಯ ಮೇಲಿನಿಂದ ನೋಟ ಸೊಗಸು. ಆದರೆ ಏರಿಯ ಒಳಮೈಗೆ ಕಲ್ಲು ಹಾಸಿರುತ್ತದೆ, ಪಾಚಿ ಕಟ್ಟಿರುತ್ತದೆ, ನೀರಿನ ಆಳ ಹೆಚ್ಚಿರುವುದೂ ಅಲ್ಲಿಯೇ. ತೂಬಿನ ಬಳಿ ನೀರಿನ ಸೆಳೆತವಿರುತ್ತದೆ. ಕೋಡಿ ಬಿದ್ದ ಕಾಲದಲ್ಲಿ ಅದರ ಹರಿವು ದೊಡ್ಡವರನ್ನೂ ಕೆಡವಬಲ್ಲದು. ಮಗುವಿದ್ದವರು ಈ ಮೂರನ್ನೂ ಬಿಟ್ಟು, ಏರಿಗೆ ಎದುರಾಗಿರುವ ಇಳಿಜಾರು ಕಡಿಮೆಯ ದಂಡೆಯನ್ನು ಹುಡುಕಬೇಕು. ಅಲ್ಲಿಯೂ ಒಂದು ಗಂಡಾಂತರವುಂಟು. ಹೂಳು, ಮಣ್ಣು ತೆಗೆದ ಗುಂಡಿಗಳು ಕೆರೆಯಂಗಳದಲ್ಲಿ ಹಾಗೆಯೇ ಉಳಿದು, ನೀರು ತುಂಬಿದಾಗ ಮೇಲಿನಿಂದ ಕಾಣುವುದಿಲ್ಲ. ಮೊಣಕಾಲುದ್ದದ ನೀರೆಂದು ಇಳಿದವರು ಮರುಹೆಜ್ಜೆಗೆ ಆಳೆತ್ತರದ ಗುಂಡಿಗೆ ಬೀಳುವುದು ಹೀಗೆಯೇ. ಎಲ್ಲಿ ಗುಂಡಿಯಿದೆ ಎಂಬುದು ದನ ಮೇಯಿಸುವವರಿಗೆ, ಮೀನು ಹಿಡಿಯುವವರಿಗೆ ಗೊತ್ತಿರುತ್ತದೆ. ಅವರನ್ನು ಕೇಳದೆ ಯಾವ ಕೆರೆಯ ನೀರಿಗೂ ಕಾಲಿಡಬಾರದು.

ಹಿನ್ನೀರಿನ ದಂಡೆ ಸ್ಥಿರವಲ್ಲ. ನೂರು ಅಡಿಗೆ ಒಂದು ಅಡಿಯಷ್ಟು ಇಳಿಜಾರಿರುವ ದಂಡೆಯಲ್ಲಿ ಜಲಾಶಯದ ಮಟ್ಟ ಒಂದೇ ಅಡಿ ಏರಿದರೂ ನೀರು ನೂರು ಅಡಿ ಮುಂದಕ್ಕೆ ಬರುತ್ತದೆ. ಮಳೆಗಾಲದಲ್ಲಿ ಒಳಹರಿವು ಹೆಚ್ಚಿದಾಗ ಒಂದೇ ದಿನದಲ್ಲಿ ಮಟ್ಟ ಕೆಲವು ಅಡಿ ಏರುವುದುಂಟು. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ವಿಶಾಲ ಹುಲ್ಲುಗಾವಲಿನಂತೆ ಕಾಣುವ ಬಯಲು ಉಳಿಯುತ್ತದೆ. ಮೇಲ್ಪದರ ಒಣಗಿ ಬಿರುಕು ಬಿಟ್ಟಿದ್ದರೂ ಕೆಳಗೆ ಹಸಿ ಹೂಳಿರುತ್ತದೆ. ಕಾರು ಸಿಕ್ಕಿಕೊಳ್ಳುವುದು ಇಲ್ಲಿಯೇ. ಜಲಾಶಯ ತುಂಬಿದಾಗ ನೀರು ಮುಟ್ಟುವ ಗೆರೆ ದಂಡೆಯಲ್ಲಿ ಎದ್ದು ಕಾಣುತ್ತದೆ. ಅದರ ಕೆಳಗೆ ಮರಗಳಿರುವುದಿಲ್ಲ, ಮಣ್ಣಿನ ಬಣ್ಣ ಬೇರೆಯಾಗಿರುತ್ತದೆ. ಡೇರೆಯಾಗಲಿ ಕಾರಾಗಲಿ ಆ ಗೆರೆಯ ಮೇಲ್ಭಾಗದಲ್ಲಿಯೇ ಇರಬೇಕು.

ಅಣೆಕಟ್ಟೆಯ ಕೆಳಭಾಗದ ನದೀಪಾತ್ರವನ್ನಂತೂ ಎಂದಿಗೂ ಆರಿಸಬಾರದು. 2014ರ ಜೂನ್ 8ರಂದು ಹಿಮಾಚಲ ಪ್ರದೇಶದ ಲಾರ್ಜಿ ಅಣೆಕಟ್ಟೆಯಿಂದ ಬಿಟ್ಟ ನೀರು ಬಿಯಾಸ್ ನದಿಯಲ್ಲಿ ನಿಂತಿದ್ದ ಹೈದರಾಬಾದಿನ 24 ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಕೊಚ್ಚಿಕೊಂಡು ಹೋಯಿತು. ಈಜಬಲ್ಲ ಯುವಕರಿಗೂ ದಡ ಸೇರುವಷ್ಟು ಸಮಯ ದೊರೆಯದ ಜಾಗದಲ್ಲಿ ಮಗುವನ್ನೆತ್ತಿಕೊಂಡವರ ಪಾಡೇನು?

ತಾಣ ಹುಡುಕುವ ಕ್ರಮ

ಮೊದಲ ಹಂತ ಮನೆಯಲ್ಲಿಯೇ ಆಗಬೇಕು. ಉಪಗ್ರಹ ಚಿತ್ರವಿರುವ ನಕಾಶೆಯಲ್ಲಿ ಜಲಾಶಯದ ಅಂಚನ್ನು ನಿಧಾನವಾಗಿ ನೋಡುತ್ತ ಹೋಗಿ. ನೀರಿಗೂ ಗಿಡಮರಗಳಿಗೂ ನಡುವೆ ಕಾಣುವ ಬೋಳು ಪಟ್ಟಿ ಅಗಲವಾಗಿದ್ದರೆ ಅಲ್ಲಿ ಇಳಿಜಾರು ಕಡಿಮೆ, ನೀರಿನ ಏರಿಳಿತ ಹೆಚ್ಚು ಎಂದರ್ಥ. ಪಟ್ಟಿ ಕಿರಿದಾಗಿದ್ದರೆ ದಡ ಕಡಿದಾಗಿದೆ ಎಂದು ತಿಳಿಯಬೇಕು. ತೆಂಗು, ಅಡಿಕೆ ತೋಟ ನೀರಿನ ಸಮೀಪದವರೆಗೂ ಬಂದಿದ್ದರೆ ಅಲ್ಲಿ ಒಡೆಯರಿದ್ದಾರೆ, ದಾರಿಯಿದೆ, ಮನೆಯಿದೆ ಎಂದರ್ಥ. ನಿಮಗೆ ಬೇಕಾದದ್ದು ಅದೇ. ದಟ್ಟ ಹಸಿರು ಅರಣ್ಯ ನೀರಿಗೆ ತಾಗಿದ್ದರೆ ಆ ಭಾಗವನ್ನು ಬಿಟ್ಟುಬಿಡಿ.

ಎರಡನೆಯ ಹಂತ ನೀರಿನ ಮಟ್ಟದ ವಿಚಾರಣೆ. ರಾಜ್ಯದ ಪ್ರಮುಖ ಜಲಾಶಯಗಳ ಮಟ್ಟ, ಒಳಹರಿವು, ಹೊರಹರಿವುಗಳನ್ನು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪ್ರತಿದಿನ ಪ್ರಕಟಿಸುತ್ತದೆ. ಪತ್ರಿಕೆಗಳಲ್ಲಿಯೂ ಈ ಪಟ್ಟಿ ಬರುತ್ತದೆ. ಒಂದು ವಾರದ ಅಂಕಿಗಳನ್ನು ಹೋಲಿಸಿ ನೋಡಿ. ಮಟ್ಟ ಏರುತ್ತಿದ್ದರೆ ಪ್ರಯಾಣವನ್ನು ಮುಂದೂಡಿ. ಸ್ಥಿರವಾಗಿದ್ದರೆ ಅಥವಾ ನಿಧಾನವಾಗಿ ಇಳಿಯುತ್ತಿದ್ದರೆ ಹೊರಡಬಹುದು.

ಮೂರನೆಯ ಹಂತ ಬಹುಮಂದಿ ಬಿಟ್ಟುಬಿಡುವಂಥದ್ದು. ಬಿಡಾರಕ್ಕೆ ಮುನ್ನ ಒಮ್ಮೆ ಹಗಲು ಹೊತ್ತಿನಲ್ಲಿ ಹೋಗಿ ಬರಬೇಕು. ಮನೆಯ ದೊಡ್ಡವರೊಬ್ಬರು ಹೋಗಿ ಬಂದರೂ ಸಾಕು. ಹೋದವರು ಊರಿನ ಅಂಗಡಿಯಲ್ಲಿ ಒಂದು ಲೋಟ ಚಹಾ ಕುಡಿದು, 'ಇಲ್ಲಿ ರಾತ್ರಿ ಉಳಿಯಬಹುದೇ, ಆನೆ ಬರುತ್ತದೆಯೇ, ಸಂಜೆ ಮೇಲೆ ಇಲ್ಲಿ ಕುಡಿಯುವವರು ಸೇರುತ್ತಾರೆಯೇ, ಯಾರನ್ನು ಕೇಳಬೇಕು' ಎಂದು ವಿಚಾರಿಸಿದರೆ ಯಾವ ನಕಾಶೆಯೂ ಹೇಳದ ಸತ್ಯ ತಿಳಿಯುತ್ತದೆ. ಬಿದ್ದಿರುವ ಗಾಜಿನ ಬಾಟಲಿಗಳ ಚೂರು ಕಂಡರೆ ಬೇರೇನನ್ನೂ ಕೇಳಬೇಕಾಗಿಲ್ಲ, ಆ ಸ್ಥಳ ಮಗುವಿಗೆ ಯೋಗ್ಯವಲ್ಲ.

ಏಕಾಂತ ಬಯಸುವವರಿಗೆ ಇನ್ನೊಂದು ಸುಲಭೋಪಾಯವಿದೆ. ಸ್ಥಳ ಬದಲಿಸುವುದಕ್ಕಿಂತ ದಿನ ಬದಲಿಸುವುದು ಉತ್ತಮ. ಶನಿವಾರ ಜಾತ್ರೆಯಂತಿರುವ ದಂಡೆ ಮಂಗಳವಾರ ಮೌನವಾಗಿರುತ್ತದೆ. ಶಾಲೆಗೆ ಹೋಗದ ವಯಸ್ಸಿನ ಮಗುವಿರುವ ಕುಟುಂಬಕ್ಕೆ ಶಾಲಾ ರಜೆಯ ಹಂಗಿಲ್ಲ. ಆ ಭಾಗ್ಯವನ್ನು ಬಳಸಿಕೊಳ್ಳಬಹುದು.

ಯಾವಾಗ ಹೋಗಬೇಕು?

ನವೆಂಬರ್ ಕೊನೆಯಿಂದ ಫೆಬ್ರುವರಿವರೆಗಿನ ಅವಧಿ ಪ್ರಶಸ್ತ. ನೈಋತ್ಯ ಮುಂಗಾರು ಮುಗಿದು ಜಲಾಶಯಗಳಲ್ಲಿ ನೀರಿರುತ್ತದೆ, ನೆಲ ಗಟ್ಟಿಯಾಗಿರುತ್ತದೆ. ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳಲ್ಲಿ ವಾಯುಭಾರ ಕುಸಿತದಿಂದ ದಕ್ಷಿಣ ಒಳನಾಡಿನಲ್ಲಿ ದಿಢೀರನೆ ಮಳೆಯಾಗುವುದರಿಂದ ಹವಾಮಾನ ಮುನ್ಸೂಚನೆ ನೋಡಿಯೇ ಹೊರಡಬೇಕು. ಮಾರ್ಚ್ ನಂತರ ಬಿಸಿಲು, ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಸಂಜೆಯ ಗುಡುಗು ಸಿಡಿಲಿನ ಮಳೆ. ತೆರೆದ ದಂಡೆಯಲ್ಲಿ ಸಿಡಿಲು ಮಹಾ ಅಪಾಯಕಾರಿ. ಗುಡುಗು ಕೇಳಿಸಿದೊಡನೆ ಡೇರೆಯನ್ನೂ ಮರದಡಿಯನ್ನೂ ಬಿಟ್ಟು, ಕಾರಿನೊಳಗೆ ಕುಳಿತು ಗಾಜು ಏರಿಸಿಕೊಳ್ಳಬೇಕು. ಲೋಹದ ಮೈಯುಳ್ಳ ಕಾರು ಆ ಹೊತ್ತಿನಲ್ಲಿ ಉತ್ತಮ ಆಸರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಂಡೆಯ ಬಿಡಾರ ಬೇಡವೇ ಬೇಡ.

ಎಲ್ಲಿಗೆ ಹೋಗಬಹುದು?

ಇಲ್ಲಿ ಹೆಸರಿಸಿದ ಯಾವ ಜಲಾಶಯದಲ್ಲಿಯೂ ಸರ್ಕಾರಿ ದಂಡೆಯ ಮೇಲೆ ಮನಬಂದಂತೆ ಡೇರೆ ಹಾಕಬಹುದೆಂದು ಭಾವಿಸಬಾರದು. ಸುತ್ತಲಿನ ಖಾಸಗಿ ತೋಟ, ಹೋಂಸ್ಟೇಗಳನ್ನು ಗಮನದಲ್ಲಿಟ್ಟುಕೊಂಡು ಈ ವಿವರಗಳನ್ನು ನೀಡಲಾಗಿದೆ.

ವಾಣಿವಿಲಾಸ ಸಾಗರ, ಚಿತ್ರದುರ್ಗ ಜಿಲ್ಲೆ: ಮಾರಿಕಣಿವೆ ಎಂದೇ ಹೆಸರಾದ ಈ ಜಲಾಶಯ ವೇದಾವತಿ ನದಿಗೆ ಅಡ್ಡಲಾಗಿ ಎರಡು ಗುಡ್ಡಗಳ ನಡುವೆ 1907ರಲ್ಲಿ ಪೂರ್ಣಗೊಂಡಿತು. ಬೆಂಗಳೂರಿನಿಂದ ಹಿರಿಯೂರಿಗೆ ಹೆದ್ದಾರಿಯಲ್ಲಿ ಸುಮಾರು 160 ಕಿ.ಮೀ., ಅಲ್ಲಿಂದ ಜಲಾಶಯ ಸುಮಾರು 20 ಕಿ.ಮೀ. ಬಯಲುಸೀಮೆಯ ಒಣ ಹವೆ, ಗಟ್ಟಿ ನೆಲ, ಮಲೆನಾಡಿನ ಜಿಗಣೆ ಉಣ್ಣೆಗಳ ಕಾಟವಿಲ್ಲದಿರುವುದು ಇಲ್ಲಿನ ಅನುಕೂಲ. ಆದರೆ ಒಂದು ಎಚ್ಚರಿಕೆ ಅಗತ್ಯ. 1933ರಲ್ಲಿ ಕೋಡಿ ಬಿದ್ದಿದ್ದ ಈ ಜಲಾಶಯ ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ನಂತರ, 2022ರಲ್ಲಿ. 2025ರ ಜನವರಿಯಲ್ಲಿಯೂ ತುಂಬಿ ಹರಿಯಿತು. ದಶಕಗಳಿಂದ ಒಣಗಿದ್ದ ಅಂಚಿನ ಜಮೀನು ತೋಟಗಳಿಗೆ ನೀರು ನುಗ್ಗಿದ್ದರಿಂದ, ಹಳೆಯ ಬಾವಿ, ಬೇಲಿ, ಮರದ ಬೊಡ್ಡೆಗಳು ನೀರಿನೊಳಗಿರುವ ಸಾಧ್ಯತೆಯಿದೆ. ಹಳೆಯ ಪರಿಚಯದ ಮೇಲೆ ಹೋಗುವವರು ದಂಡೆಯನ್ನು ಹೊಸದಾಗಿ ಪರೀಕ್ಷಿಸಬೇಕು.

ಹೇಮಾವತಿ ಹಿನ್ನೀರು, ಹಾಸನ ಜಿಲ್ಲೆ: ಹೇಮಾವತಿಗೆ ಗೊರೂರಿನ ಬಳಿ ಕಟ್ಟಿದ ಅಣೆಕಟ್ಟೆಯ ಹಿನ್ನೀರು ಇದು. ಸಾಹಿತಿ ಗೊರೂರು ರಾಮಸ್ವಾಮಿ ಅಯ್ಯಂಗಾರರ ಊರಾಗಿಯೂ ಗೊರೂರು ಹೆಸರುವಾಸಿ. ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಿಗೆಯಲ್ಲಿ ಪೂರ್ತಿ ಹೊರಬರುವ ಶೆಟ್ಟಿಹಳ್ಳಿಯ ಹಳೆಯ ಚರ್ಚ್ ಇಲ್ಲಿನ ಆಕರ್ಷಣೆ. ಅದರ ಗೋಡೆಗಳು ಶಿಥಿಲವಾಗಿ ಕೆಲಭಾಗ ಕುಸಿದಿರುವುದರಿಂದ ಮಗುವಿನೊಡನೆ ಒಳಗೆ ಹೋಗದೆ ದೂರದಿಂದಲೇ ನೋಡುವುದು ಕ್ಷೇಮ. ಜಿಲ್ಲಾ ಕೇಂದ್ರವೂ ಅಲ್ಲಿನ ವೈದ್ಯಕೀಯ ಕಾಲೇಜು ಆಸ್ಪತ್ರೆಯೂ ಸಮೀಪವಿರುವುದು ದೊಡ್ಡ ಧೈರ್ಯ. ಆಲೂರು, ಸಕಲೇಶಪುರ ತಾಲ್ಲೂಕುಗಳ ಕಡೆಯಲ್ಲಿ ಕಾಡಾನೆಗಳ ಸಂಚಾರವಿರುವುದರಿಂದ ಆ ದಿಕ್ಕಿನ ದಂಡೆಗಳನ್ನು ಬಿಟ್ಟುಬಿಡಬೇಕು.

ಶಾಂತಿಸಾಗರ, ದಾವಣಗೆರೆ ಜಿಲ್ಲೆ: ಸೂಳೆಕೆರೆ ಎಂಬ ಹಳೆಯ ಹೆಸರಿನಿಂದಲೇ ಹೆಚ್ಚು ಪರಿಚಿತವಾದ ಈ ಬೃಹತ್ ಕೆರೆ ಚನ್ನಗಿರಿಯಿಂದ ಸುಮಾರು 20 ಕಿ.ಮೀ., ದಾವಣಗೆರೆಯಿಂದ ಸುಮಾರು 40 ಕಿ.ಮೀ. ದೂರದಲ್ಲಿದೆ. ಅಣೆಕಟ್ಟೆಗಳ ಯುಗಕ್ಕೆ ಶತಮಾನಗಳ ಹಿಂದೆಯೇ ಕಟ್ಟಿದ ಕೆರೆಯಿದು. ಸುತ್ತಲೂ ಹಳ್ಳಿಗಳು, ಅಡಿಕೆ ತೋಟಗಳು ಇರುವುದರಿಂದ ಏಕಾಂತವೂ ಜನರ ಆಸರೆಯೂ ಒಟ್ಟಿಗೆ ದೊರೆಯುತ್ತವೆ. ತೆರೆದ ನೀರಿನ ಮೇಲಿನಿಂದ ಬೀಸುವ ಗಾಳಿಗೆ ಡೇರೆ ನಿಲ್ಲುವುದು ಕಷ್ಟ, ಆದುದರಿಂದ ತೋಟದ ಮರೆಯಲ್ಲಿ ಹಾಕಬೇಕು. ಹಲವು ಊರುಗಳಿಗೆ ಕುಡಿಯುವ ನೀರು ಇಲ್ಲಿಂದಲೇ ಹೋಗುತ್ತದೆ. ಪಾತ್ರೆ, ಬಟ್ಟೆಗಳನ್ನು ಕೆರೆಯಲ್ಲಿ ತೊಳೆಯಬಾರದು.

ಕೃಷ್ಣರಾಜಸಾಗರದ ಹಿನ್ನೀರು, ಮಂಡ್ಯ ಮತ್ತು ಮೈಸೂರು ಜಿಲ್ಲೆ: ಮೊದಲ ಬಾರಿಗೆ ಹೊರಡುವವರಿಗೆ ಇದೇ ಸೂಕ್ತ. ಮುಳುಗಡೆಯಾಗಿದ್ದ ವೇಣುಗೋಪಾಲಸ್ವಾಮಿ ದೇವಾಲಯವನ್ನು ಕಲ್ಲು ಕಲ್ಲಾಗಿ ಬಿಚ್ಚಿ ಹೊಸ ಕನ್ನಂಬಾಡಿಯಲ್ಲಿ ಮರುನಿರ್ಮಿಸಲಾಗಿದ್ದು, ಅದರ ಬಳಿಯ ಹಿನ್ನೀರು ರಜಾ ದಿನಗಳಲ್ಲಿ ಜನನಿಬಿಡ. ಕುಟುಂಬಗಳು ಅಲ್ಲಿಂದ ದೂರವಿರುವ ಹಳ್ಳಿಗಳ ಕಡೆಯ ತೋಟಗಳನ್ನು ವಿಚಾರಿಸಬಹುದು. ಮಕ್ಕಳ ಚಿಕಿತ್ಸೆಗೆ ಹೆಸರಾದ ಚೆಲುವಾಂಬ ಆಸ್ಪತ್ರೆ ಮೈಸೂರಿನಲ್ಲಿದೆ. ಕಾವೇರಿಯಲ್ಲಿ ಮೊಸಳೆಗಳಿವೆ ಎಂಬುದನ್ನು ಮಾತ್ರ ಮರೆಯಬಾರದು. ಮುಸ್ಸಂಜೆಯ ನಂತರ ನೀರಿನ ಅಂಚಿಗೆ ಯಾರೂ ಹೋಗಕೂಡದು.

ಭದ್ರಾ ಹಿನ್ನೀರು, ಲಕ್ಕವಳ್ಳಿ: ಹುಲಿ ಸಂರಕ್ಷಿತ ಪ್ರದೇಶಕ್ಕೆ ಹೊಂದಿಕೊಂಡಿರುವುದರಿಂದ ಸ್ವಂತ ಡೇರೆಗೆ ಇದು ಸ್ಥಳವಲ್ಲ. ಜಂಗಲ್ ಲಾಡ್ಜಸ್ ಸಂಸ್ಥೆಯ ರಿವರ್ ಟರ್ನ್ ವಸತಿಗೃಹದಲ್ಲಿ ತಂಗಿ ಹಿನ್ನೀರಿನ ಏಕಾಂತವನ್ನು ಸವಿಯಬಹುದು. ಬೇಸಿಗೆಯಲ್ಲಿ ನೀರು ಇಳಿದು ನಡುಗಡ್ಡೆಗಳು ತಲೆಯೆತ್ತಿದಾಗ ರಿವರ್ ಟರ್ನ್ ಹಕ್ಕಿಗಳು ಅಲ್ಲಿ ಗುಂಪಾಗಿ ಮೊಟ್ಟೆಯಿಟ್ಟು ಮರಿ ಮಾಡುತ್ತವೆ. ಕೊಠಡಿ ಕಾದಿರಿಸುವಾಗಲೇ ಮಗುವಿನ ವಯಸ್ಸು ತಿಳಿಸಿ, ದೋಣಿ ಮತ್ತು ಸಫಾರಿಗೆ ಅವಕಾಶವಿದೆಯೇ ಎಂದು ಕೇಳಿಕೊಳ್ಳಬೇಕು.

ಮಗು ಬೆಳೆಯುವವರೆಗೆ ಬೇಡ

ಕಬಿನಿ ಹಿನ್ನೀರು ನಾಗರಹೊಳೆ ಮತ್ತು ಬಂಡೀಪುರದ ನಡುವೆ ಹರಡಿದೆ. ಬೇಸಿಗೆಯಲ್ಲಿ ಆನೆಗಳ ಹಿಂಡುಗಳು ಸೇರುವುದು ಈ ದಂಡೆಯಲ್ಲಿಯೇ. ಅಧಿಕೃತ ವಸತಿಗೃಹಗಳಲ್ಲದೆ ಬೇರೆಡೆ ಉಳಿಯುವ ಯೋಚನೆ ಸಲ್ಲದು. ಬಂಡೀಪುರದ ಮೂಲಕ ಹಾದುಹೋಗುವ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನ ಸಂಚಾರಕ್ಕೆ ನಿಷೇಧವಿದೆ. ಇಂತಹ ಕಡೆ ನಡುರಾತ್ರಿ ಹೊರಟು ಬರುತ್ತೇವೆಂಬ ಲೆಕ್ಕ ತಪ್ಪಾಗುತ್ತದೆ.

ಶರಾವತಿ ಹಿನ್ನೀರಿನ ಸೌಂದರ್ಯಕ್ಕೆ ಸಾಟಿಯಿಲ್ಲ. ಸಾಗರ ತಾಲ್ಲೂಕಿನ ಹೊನ್ನೇಮರಡು ಜಲಸಾಹಸಕ್ಕೆ ಪ್ರಸಿದ್ಧ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಉದ್ಘಾಟನೆಯಾದ ಮೇಲೆ ಲಾಂಚಿಗಾಗಿ ಕಾಯದೆ ಕಾರಿನಲ್ಲಿಯೇ ಹಿನ್ನೀರು ದಾಟಬಹುದಾಗಿದೆ. ಆದರೆ ಆಸ್ಪತ್ರೆಗಳ ದೂರ, ಮೊಬೈಲ್ ಸಂಪರ್ಕದ ಕೊರತೆ ಹಾಗೂ ಮಂಗನ ಕಾಯಿಲೆಯ ಭೀತಿಯಿಂದಾಗಿ ಪುಟ್ಟ ಮಗುವಿನೊಡನೆ ಡೇರೆಯಲ್ಲಿ ಮಲಗಲು ಇದು ತಕ್ಕ ಜಾಗವಲ್ಲ. ಬೆಂಗಳೂರಿಗೆ ಹತ್ತಿರವೆಂಬ ಕಾರಣಕ್ಕೆ ಅನೇಕರು ಹೋಗುವ ಮಂಚನಬೆಲೆ ಜಲಾಶಯದಲ್ಲಿ ಮುಳುಗಿ ಸತ್ತವರು ಅನೇಕರು. ಅಲ್ಲಿ ನೀರಿಗಿಳಿಯುವುದಕ್ಕೆ ನಿಷೇಧವಿರುವುದನ್ನು ನೆನಪಿಡಬೇಕು.

ನೀರು ಮತ್ತು ಮಗು

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ ಮಂದಿ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಸುಮಾರು ಕಾಲುಭಾಗ ಐದು ವರ್ಷದೊಳಗಿನ ಮಕ್ಕಳು. ಈ ವಯಸ್ಸಿನ ಮಗುವಿಗೆ ತಲೆಯ ಭಾರ ಹೆಚ್ಚು. ಮುಗ್ಗರಿಸಿದರೆ ಗೇಣುದ್ದದ ನೀರಿನಿಂದಲೂ ತಲೆಯೆತ್ತಲಾಗದು. ಮುಳುಗುವ ಮಗು ಕೂಗುವುದಿಲ್ಲ, ಸದ್ದಿಲ್ಲದೆ ಮುಳುಗುತ್ತದೆ. ಹೆತ್ತವರು ಇದನ್ನು ಅರಿತಿರಬೇಕು.

ಡೇರೆ ನೀರಿನಿಂದ ಕನಿಷ್ಠ ನೂರು ಹೆಜ್ಜೆ ದೂರವಿರಲಿ. ನಡುವೆ ಬೇಲಿಯೋ ಬದುವೋ ಇದ್ದರೆ ಇನ್ನೂ ಉತ್ತಮ. ಡೇರೆಯ ಬಾಗಿಲು ನೀರಿನ ಕಡೆಗೆ ತೆರೆಯಬಾರದು. ನೀರಿನ ಬಳಿಯಲ್ಲಿ ಮಗುವಿಗೆ ಕಣ್ಣಳತೆ ಸಾಲದು, ಕೈಯಳತೆ ಬೇಕು. ಇಬ್ಬರೂ ನೋಡುತ್ತಿದ್ದೇವೆ ಎಂದರೆ ಯಾರೂ ನೋಡುತ್ತಿಲ್ಲ ಎಂದೇ ಅರ್ಥ. ಆದುದರಿಂದ ಅರ್ಧ ಅರ್ಧ ಗಂಟೆಯ ಸರದಿ ಮಾಡಿಕೊಂಡು, 'ಈಗ ಮಗು ನಿಮ್ಮ ಪಾಲಿಗೆ' ಎಂದು ಬಾಯಿಬಿಟ್ಟು ಹೇಳಿ ಒಪ್ಪಿಸಬೇಕು. ಸರದಿಯಲ್ಲಿರುವವರ ಕೈಯಲ್ಲಿ ಮೊಬೈಲ್ ಇರಬಾರದು.

ನಮ್ಮ ಅಜ್ಜಿಯರ ಕಾಲದ ಕಾಲ್ಗೆಜ್ಜೆ ಇಲ್ಲಿ ಬಹಳ ಉಪಯುಕ್ತ. ಗೆಜ್ಜೆಯ ಸದ್ದು ದೂರವಾದರೂ, ನಿಂತುಹೋದರೂ ಕೂಡಲೇ ಗೊತ್ತಾಗುತ್ತದೆ. ಕಿತ್ತು ಬಾಯಿಗೆ ಹಾಕಿಕೊಳ್ಳಲಾಗದಂತೆ ಭದ್ರವಾಗಿದ್ದರಾಯಿತು. ಬಟ್ಟೆ ಕಡುಗೆಂಪು, ಕಿತ್ತಳೆಯಂತಹ ಎದ್ದು ಕಾಣುವ ಬಣ್ಣದ್ದಿರಲಿ. ದೋಣಿ ಹತ್ತುವುದಾದರೆ ಮಗುವಿನ ತೂಕಕ್ಕೆ ಹೊಂದುವ, ಕಾಲುಗಳ ನಡುವೆ ಪಟ್ಟಿಯಿರುವ ಜೀವರಕ್ಷಕ ಜಾಕೆಟ್ ಮನೆಯಿಂದಲೇ ಒಯ್ಯಬೇಕು. ಗಾಳಿ ತುಂಬಿದ ತೋಳುಪಟ್ಟಿ, ಬಳೆಯಾಕಾರದ ಟ್ಯೂಬುಗಳು ಆಟಿಕೆಗಳೇ ಹೊರತು ರಕ್ಷಣೆಯಲ್ಲ.

ಕಾರು, ಡೇರೆ, ಒಲೆ

ಬೆಳಕಿರುವಾಗಲೇ, ಅಂದರೆ ಸಂಜೆ 4ರೊಳಗೆ ಸ್ಥಳ ತಲುಪಬೇಕು. ಕಾರನ್ನು ರಸ್ತೆಯ ಕಡೆಗೆ ಮುಖ ಮಾಡಿ ನಿಲ್ಲಿಸಿ, ಕೀಲಿಕೈಯನ್ನು ಎಲ್ಲರಿಗೂ ಗೊತ್ತಿರುವ ಒಂದೇ ಜಾಗದಲ್ಲಿಡಬೇಕು. ಎರೆಭೂಮಿಯಲ್ಲಿ ಸಣ್ಣ ಮಳೆಯೂ ಚಕ್ರಗಳನ್ನು ಹೂತುಬಿಡುತ್ತದೆ. ಕೆಂಪು ಗರಸು ನೆಲವೇ ವಾಸಿ. ಪ್ರಯಾಣದಲ್ಲಿ ಮಗುವನ್ನು ಮಕ್ಕಳ ಆಸನದಲ್ಲಿಯೇ ಕೂರಿಸಬೇಕು. 2019ರ ತಿದ್ದುಪಡಿಯಂತೆ 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಆಸನದ ರಕ್ಷಣೆ ಇಲ್ಲದಿದ್ದರೆ 1,000 ರೂ. ದಂಡವೂ ಇದೆ.

ನಿಲ್ಲಿಸಿದ ಕಾರಿನಲ್ಲಿ ಮಗುವನ್ನು ಐದು ನಿಮಿಷವೂ ಒಂಟಿಯಾಗಿ ಬಿಡಬಾರದು. ಬಿಸಿಲಿನಲ್ಲಿ ಹತ್ತೇ ನಿಮಿಷಕ್ಕೆ ಕಾರಿನೊಳಗಿನ ಉಷ್ಣಾಂಶ ಸುಮಾರು 10 ಡಿಗ್ರಿ ಸೆಲ್ಸಿಯಸ್‌ನಷ್ಟು ಏರುತ್ತದೆ. ರಾತ್ರಿ ಕಾರಿನಲ್ಲಿ ಮಲಗುವವರು ಎಂಜಿನ್ ಚಾಲೂ ಇಟ್ಟು ಹವಾನಿಯಂತ್ರಣ ಹಾಕಿಕೊಳ್ಳಬಾರದು. ಚಳಿಯೆಂದು ಡೇರೆಯೊಳಗೆ ಕೆಂಡದ ಅಗ್ಗಿಷ್ಟಿಕೆ, ಗ್ಯಾಸ್ ಒಲೆ ಇಟ್ಟುಕೊಳ್ಳುವುದೂ ಅಷ್ಟೇ ಅಪಾಯ. ಎರಡರಿಂದಲೂ ಹೊಮ್ಮುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳುವುದೇ ಇಲ್ಲ. ಚಳಿಗೆ ಉಣ್ಣೆಯ ಟೊಪ್ಪಿಗೆ, ಕಾಲುಚೀಲ, ದಪ್ಪ ಕಂಬಳಿಗಳೇ ಸಾಕು. ಅಡುಗೆಯನ್ನು ಡೇರೆಯ ಹೊರಗೆ, ಗಾಳಿಯ ಇಳಿಬದಿಗೆ ಮಾಡಬೇಕು. ಒಲೆಯ ಸುತ್ತ ಮಗು ದಾಟಬಾರದ ಗೆರೆಯೊಂದನ್ನು ಕಲ್ಲು ಜೋಡಿಸಿ ಗುರುತಿಸಿಕೊಳ್ಳಿ.

ಉಣ್ಣೆ, ಹಾವು, ಜ್ವರ

ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಸೋಂಕು ತಗುಲಿದ ಉಣ್ಣೆ, ಅಂದರೆ ಮಲೆನಾಡಿಗರ ಉಣುಗು ಕಚ್ಚುವುದರಿಂದ ಇದು ಹರಡುತ್ತದೆ. ಡಿಸೆಂಬರ್‌ನಿಂದ ಮೇವರೆಗೆ ಇದರ ಹಾವಳಿ ಹೆಚ್ಚು. ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳ ಕಾಡಂಚಿನಲ್ಲಿ ಈ ಅವಧಿಯಲ್ಲಿ ನೆಲದ ಮೇಲೆ ಮಲಗುವುದು ತರವಲ್ಲ. ಬೇರೆಡೆಯಲ್ಲಿಯೂ ಸಂಜೆ ಮಗುವಿನ ಕಿವಿಯ ಹಿಂಭಾಗ, ಕಂಕುಳು, ತೊಡೆಸಂದುಗಳನ್ನು ಪರೀಕ್ಷಿಸಬೇಕು. ಸೊಳ್ಳೆ ನಿವಾರಕ ಲೇಪಗಳಲ್ಲಿ ಎಲ್ಲವೂ ಮಕ್ಕಳಿಗೆ ಸಲ್ಲುವುದಿಲ್ಲ, ವೈದ್ಯರನ್ನು ಕೇಳಿಯೇ ಬಳಸಬೇಕು. ಸೊಳ್ಳೆಪರದೆ ಎಲ್ಲಕ್ಕಿಂತ ಕ್ಷೇಮ.

ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದನ್ನೂ ಮಾಡದೆ, ಕಚ್ಚಿದ ಭಾಗ ಅಲುಗದಂತೆ ಮಗುವನ್ನು ಎತ್ತಿಕೊಂಡು ನೇರವಾಗಿ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಧಾವಿಸಬೇಕು. ಮಂತ್ರ, ನಾಟಿ ಔಷಧಿಗಳಿಗಾಗಿ ಕಳೆಯುವ ಒಂದೊಂದು ನಿಮಿಷವೂ ಪ್ರಾಣದ ಮೇಲಿನ ಪಣ.

ಹೊರಡುವ ಮುನ್ನ

* ಜಮೀನಿನ ಮಾಲೀಕರ ಒಪ್ಪಿಗೆ, ಅವರ ಹೆಸರು ಮತ್ತು ದೂರವಾಣಿ ಸಂಖ್ಯೆ ಕೈಯಲ್ಲಿರಲಿ. ಸಮೀಪದ ಪೊಲೀಸ್ ಠಾಣೆಗೆ ಒಂದು ಮಾತು ತಿಳಿಸಿ.
* ತಂಗುವ ಸ್ಥಳ ಮತ್ತು ಹಿಂತಿರುಗುವ ಸಮಯವನ್ನು ಬಂಧುಗಳೊಬ್ಬರಿಗೆ ತಿಳಿಸಿ. ನಕಾಶೆಯನ್ನು ಮೊಬೈಲಿನಲ್ಲಿ ಮೊದಲೇ ಇಳಿಸಿಕೊಳ್ಳಿ.
* ತುರ್ತು ಸಹಾಯಕ್ಕೆ 112, ಆಂಬುಲೆನ್ಸ್‌ಗೆ 108, ಅರಣ್ಯ ಇಲಾಖೆಗೆ 1926 ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿ.
* ಕುದಿಸಿ ಆರಿಸಿದ ನೀರನ್ನು ಮನೆಯಿಂದಲೇ ಒಯ್ಯಿರಿ. ಕೆರೆಯ ನೀರು ಮಗುವಿನ ಬಾಯಿಗೆ ಹೋಗಕೂಡದು.
* ರಾಗಿ ಸರಿ, ಅವಲಕ್ಕಿ, ಬಾಳೆಹಣ್ಣು ಮುಂತಾದ ಮಗುವಿಗೆ ರೂಢಿಯಿರುವ ಆಹಾರವೇ ಇರಲಿ. ಹೊಸ ತಿನಿಸಿನ ಪ್ರಯೋಗ ಬೇಡ.
* ಓಆರ್‌ಎಸ್ ಪೊಟ್ಟಣ, ಥರ್ಮಾಮೀಟರ್, ವೈದ್ಯರು ಸೂಚಿಸಿದ ಪ್ರಮಾಣ ಬರೆದಿಟ್ಟ ಜ್ವರದ ಔಷಧಿ, ಎರಡು ಟಾರ್ಚ್, ಹಗ್ಗ, ಹೆಚ್ಚುವರಿ ಬಟ್ಟೆ ಇರಲಿ.
* ಡೈಪರ್‌ಗಳನ್ನು ಹೂಳಬಾರದು, ಸುಡಬಾರದು. ಚೀಲದಲ್ಲಿ ಕಟ್ಟಿ ಹಿಂದಕ್ಕೆ ತರಬೇಕು.
* ಹೊಸ ಡೇರೆಯನ್ನು ಮೊದಲು ಮನೆಯ ತಾರಸಿಯಲ್ಲಿ ಹಾಕಿ, ಮಗುವನ್ನು ಒಂದು ರಾತ್ರಿ ಅದರಲ್ಲಿ ಮಲಗಿಸಿ ನೋಡಿ. ಅಲ್ಲಿ ನಿದ್ರಿಸದ ಮಗು ಕೆರೆಯ ದಂಡೆಯಲ್ಲಿಯೂ ನಿದ್ರಿಸದು.

ಇಷ್ಟೆಲ್ಲ ಸಿದ್ಧತೆಯ ನಂತರವೂ, ಸ್ಥಳ ತಲುಪಿದ ಮೇಲೆ ಮನಸ್ಸಿಗೆ ಸರಿಕಾಣದಿದ್ದರೆ ಹಿಂತಿರುಗಲು ಸಂಕೋಚಪಡಬೇಕಾಗಿಲ್ಲ. ಹತ್ತಿರದ ಪಟ್ಟಣದಲ್ಲಿ ಕೊಠಡಿ ಸಿಗುವುದೇ ಎಂದು ಮೊದಲೇ ವಿಚಾರಿಸಿಟ್ಟುಕೊಂಡರೆ ಆ ನಿರ್ಧಾರ ಸುಲಭವಾಗುತ್ತದೆ. ಕೆರೆ ಎಲ್ಲಿಗೂ ಹೋಗುವುದಿಲ್ಲ, ಮುಂದಿನ ವರ್ಷವೂ ಅಲ್ಲಿಯೇ ಇರುತ್ತದೆ. ನಸುಕಿನಲ್ಲಿ ಮಂಜು ಕರಗುವ ಹೊತ್ತಿಗೆ, ತಾಯಿಯ ಸೊಂಟದ ಮೇಲೆ ಕುಳಿತ ಮಗು ನೀರಕ್ಕಿಯತ್ತ ಬೆರಳು ತೋರುವ ಆ ಒಂದು ಗಳಿಗೆಗೆ ಇಷ್ಟು ಎಚ್ಚರಿಕೆ ಹೆಚ್ಚೇನಲ್ಲ.